ಜಾಲತಾಣ ವಿನ್ಯಾಸ ಮತ್ತು ವಿಶ್ವಾಸಾರ್ಹತೆ

ಜಾಲತಾಣದ ಪುಟ ತೆರೆದೊಡನೆ, ಅದರಲ್ಲಿರುವುದನ್ನು ಓದುವ ಮೊದಲೇ ನೋಡುಗರಲ್ಲಿ ಒಂದು ಅಭಿಪ್ರಾಯ ಮೂಡುತ್ತದೆ. ತಾಣವನ್ನು ನಂಬಬೇಕೆ ಬೇಡವೆ ಎಂಬ ತೀರ್ಮಾನದಲ್ಲಿ ಈ ಅಭಿಪ್ರಾಯದ ಪಾತ್ರವೆಷ್ಟು ಎಂಬುದು ಮಾನವ-ಕಂಪ್ಯೂಟರ್ ಸಂವಹನ ಕ್ಷೇತ್ರದ ಒಂದು ಅಧ್ಯಯನ ವಿಷಯ. ಬಣ್ಣ, ಅಕ್ಷರಗಳ ಗಾತ್ರ, ಚಿತ್ರಗಳ ಜೋಡಣೆ, ಖಾಲಿ ಜಾಗ, ಪುಟ ತೆರೆದುಕೊಳ್ಳುವ ವೇಗ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಅಂದಕ್ಕೂ ಬಳಕೆ ಸುಲಭವೆಂಬ ಭಾವನೆಗೂ ಇರುವ ನಂಟನ್ನು ಜಾಲತಾಣಗಳಿಗಿಂತ ಮೊದಲು ಎಟಿಎಂ ಪರದೆಯ ಮೇಲೆ ಪರೀಕ್ಷಿಸಲಾಯಿತು. ಜಪಾನಿನ ಸಂಶೋಧಕರಾದ ಕುರೊಸು ಮತ್ತು ಕಶಿಮುರ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಟಿಎಂ ಗುಂಡಿಗಳ 26 ಬಗೆಯ ಜೋಡಣೆಗಳನ್ನು ಜನರಿಗೆ ತೋರಿಸಿದರು. ಚೆನ್ನಾಗಿ ಕಂಡ ಜೋಡಣೆಯೇ ಬಳಸಲು ಸುಲಭವೆಂದೂ ಜನ ಭಾವಿಸಿದರು. ಇದು ಸೌಂದರ್ಯಪ್ರಿಯ ಜಪಾನೀಯರ ಗುಣವಿರಬೇಕು, ತನ್ನ ದೇಶದಲ್ಲಿ ಹೀಗಾಗದು ಎಂದುಕೊಂಡು ಇಸ್ರೇಲಿನ ನೋಮ್ ಟ್ರಾಕ್ಟಿನ್‌ಸ್ಕಿ ಅದೇ ಪ್ರಯೋಗವನ್ನು ಮತ್ತೆ ನಡೆಸಿದರು. ಅಲ್ಲಿ ಆ ನಂಟು ಇನ್ನೂ ಗಟ್ಟಿಯಾಗಿಯೇ ಕಂಡುಬಂತು.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟಗಳನ್ನು ಕೇವಲ 50 ಮಿಲಿಸೆಕೆಂಡು ತೋರಿಸಲಾಯಿತು. ಆಗ ಅಂದಕ್ಕೆ ಸಿಕ್ಕ ಅಂಕಗಳು, ಹತ್ತು ಪಟ್ಟು ಹೊತ್ತು ನೋಡಿ ಕೊಟ್ಟ ಅಂಕಗಳಿಗೆ ಬಹಳ ಹತ್ತಿರವಿದ್ದವು. ಅಲ್ಲಿ ಅಳೆದದ್ದು ಅಂದವನ್ನು, ನಂಬಿಕೆಯನ್ನಲ್ಲ. ವಿನ್ಯಾಸ ಕಂಪನಿಗಳ ಪ್ರಚಾರ ಬರಹಗಳು ಈ ವ್ಯತ್ಯಾಸವನ್ನು ಮರೆಯುವುದೇ ಹೆಚ್ಚು. ಸರಳವಾಗಿದ್ದು, ಆ ಬಗೆಯ ತಾಣ ಹೀಗಿರುತ್ತದೆ ಎಂಬ ರೂಢಿಗೆ ಹೊಂದುವ ಪುಟಗಳು ಬೇಗ ಹಿಡಿಸುತ್ತವೆ ಎಂದು 2012ರಲ್ಲಿ ಬಾಸೆಲ್ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ತೋರಿಸಿದರು.

ನಂಬಿಕೆಯನ್ನೇ ನೇರವಾಗಿ ಕೇಳಿದ ದೊಡ್ಡ ಅಧ್ಯಯನ ಸ್ಟ್ಯಾನ್‌ಫರ್ಡ್‌ನ ಬಿ. ಜೆ. ಫಾಗ್ ತಂಡದ್ದು. 2002ರಲ್ಲಿ 2,684 ಜನ 100 ತಾಣಗಳ ವಿಶ್ವಾಸಾರ್ಹತೆಯನ್ನು ತೂಗಿದರು. ಅವರು ಬರೆದ ಕಾರಣಗಳಲ್ಲಿ ಶೇ. 46ರಷ್ಟು ಪುಟದ ನೋಟಕ್ಕೆ ಸಂಬಂಧಿಸಿದ್ದವು. ಮಾಹಿತಿಯ ನಿಖರತೆ ಬಹಳ ಹಿಂದಿತ್ತು. ಅದೇ ಸಮಯದಲ್ಲಿ ಆರೋಗ್ಯ ಮತ್ತು ಹಣಕಾಸು ತಜ್ಞರನ್ನು ಕೇಳಿದಾಗ ಅವರು ನೋಟಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ವಿಷಯ ಗೊತ್ತಿಲ್ಲದವರು ಹೊರಗಿನ ಅಚ್ಚುಕಟ್ಟನ್ನು ನೋಡಿ ಒಳಗಿನದನ್ನು ಊಹಿಸುತ್ತಾರೆ ಎಂದು ಇದರಿಂದ ತಿಳಿಯಬಹುದು.

ಆದರೆ ವಿನ್ಯಾಸದ ಬಲ ನಂಬಿಸುವುದಕ್ಕಿಂತ ಅಪನಂಬಿಕೆ ಹುಟ್ಟಿಸುವುದರಲ್ಲೇ ಹೆಚ್ಚು ಇರಬಹುದು. ಬ್ರಿಟನ್ನಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಸಿಲ್ಲೆನ್ಸ್ ಮತ್ತಿತರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಋತುಬಂಧದ ಬಗ್ಗೆ ಮಾಹಿತಿ ಹುಡುಕುತ್ತಿದ್ದ ಮಹಿಳೆಯರು ತಾಣಗಳನ್ನು ತಳ್ಳಿಹಾಕಿದ್ದಕ್ಕೆ ಕೊಟ್ಟ ಕಾರಣಗಳು ಬಹುಪಾಲು ವಿನ್ಯಾಸದ್ದು, ನಂಬಿದ್ದಕ್ಕೆ ಕೊಟ್ಟವು ಬಹುಪಾಲು ಹೂರಣದ್ದು. ಮೊದಲ ಅಭಿಪ್ರಾಯದ ಶೇ. 94 ಭಾಗ ವಿನ್ಯಾಸದಿಂದಲೇ ಎಂದು ಜಾಹೀರಾತುಗಳಲ್ಲಿ ಕಾಣುವ ಮಾತಿನ ಮೂಲ ಈ ಚಿಕ್ಕ ಅಧ್ಯಯನ. ಅದರ ಅರ್ಧವನ್ನು ಮಾತ್ರ ಎತ್ತಿಕೊಳ್ಳಲಾಗಿದೆ.

ಕನ್ನಡ ತಾಣಗಳಲ್ಲಿ ಈ ಅಪನಂಬಿಕೆಗೆ ಬೇರೆಯದೇ ಕಾರಣಗಳಿವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ತಾಣಕ್ಕೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು. ಇಲ್ಲವಾದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಈಗ ಆ ತೊಂದರೆ ತೀರಿದೆ. ಆದರೂ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಹೊಂದಿಸಿಟ್ಟಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವುದುಂಟು. ಓದುಗರು ಇದನ್ನು ತಾಂತ್ರಿಕ ದೋಷವೆಂದು ಕ್ಷಮಿಸುವುದಕ್ಕಿಂತ ಅಸಡ್ಡೆಯೆಂದೇ ಎಣಿಸುವುದು ಸಹಜ.

ನೋಟವನ್ನು ನಕಲು ಮಾಡುವುದು ಸುಲಭ ಎಂಬುದೇ ವಂಚಕರಿಗೆ ಅನುಕೂಲ. ಸಂಶೋಧಕಿ ರಚನಾ ಧಮೀಜಾ ಮತ್ತಿಬ್ಬರು ಅಮೆರಿಕದಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬ್ಯಾಂಕ್ ಆಫ್ ದ ವೆಸ್ಟ್ ವಿಳಾಸದ ಡಬ್ಲ್ಯು ಅಕ್ಷರದ ಜಾಗದಲ್ಲಿ ಎರಡು ವಿ ಇಟ್ಟು ರೂಪಿಸಿದ್ದ ನಕಲಿ ತಾಣಕ್ಕೆ 22 ಜನರಲ್ಲಿ ಹೆಚ್ಚಿನವರು ಮೋಸಹೋದರು. ವಿಳಾಸಪಟ್ಟಿಯ ಬೀಗದ ಚಿಹ್ನೆಯೂ ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ತಾಣದ ಒಡೆಯ ಯಾರೆಂದು ಹೇಳುವುದಿಲ್ಲ. ಜನ ಅದನ್ನು ಪ್ರಾಮಾಣಿಕತೆಯ ಮುದ್ರೆಯೆಂದು ತಪ್ಪು ತಿಳಿಯುತ್ತಿದ್ದುದರಿಂದ 2023ರಲ್ಲಿ ಕ್ರೋಮ್ ಬ್ರೌಸರ್ ಆ ಚಿಹ್ನೆಯನ್ನು ಕೈಬಿಟ್ಟಿತು. ಇಂಥ ವಂಚನೆಯನ್ನು ತಡೆಯಲೆಂದು ಭಾರತದಲ್ಲಿ ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಂದೇ ‘.ಬ್ಯಾಂಕ್.ಇನ್’ ಎಂಬ ಪ್ರತ್ಯೇಕ ವಿಳಾಸ ವಲಯವನ್ನು ಕಡ್ಡಾಯಗೊಳಿಸಿತು. ಅದರ ನೋಂದಣಿಯ ಹೊಣೆ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಐಡಿಆರ್‌ಬಿಟಿಯದು.