ಸಾಲು ತಪ್ಪಿದ ಓದು

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಅಶೋಕನ ಪಾಠದ ಪುಟಗಳ ಫೋಟೋ ತೆಗೆದು ಮಕ್ಕಳ ಮನೆಯ ಮೊಬೈಲಿಗೆ ಕಳಿಸಿದ್ದೆ. ಕೆಲಸ ಮುಗಿಯಿತೆಂಬ ಸಮಾಧಾನ ನನಗೆ. ಸಂಜೆ ಬಳಗಾನೂರಿನ ಓಣಿಯಲ್ಲಿ ಸಿಕ್ಕ ಹುಡುಗಿಯೊಬ್ಬಳು, “ಟೀಚರ್, ಅಕ್ಷರ ದೊಡ್ಡದು ಮಾಡಿದ್ರ ಸಾಲು ಹೊರಗ ಹೋಗ್ತೈತ್ರಿ. ಸಣ್ಣದು ಮಾಡಿದ್ರ ಕಾಣಂಗಿಲ್ರಿ” ಅಂದಳು. ಮನೆಗೆ ಬಂದು ಓದಿ ನೋಡಿದೆ. ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿತ್ತು.

ಆ ಅಶೋಕನ ಹೆಸರು ಶಾಸನದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಬಂಡೆಯ ಮೇಲೆ ಕಂಡರು. ಬ್ರಾಹ್ಮಿ ಲಿಪಿ ನಮಗೆ ಬಾರದು, ನಿಜ. ಆದರೆ ಬಂಡೆ ಅಲುಗದು, ಬಲ್ಲವರು ಬೆರಳಿಟ್ಟು ಓದಬಹುದು. ತಾಳೆಗರಿಯ ಕಾಲದಲ್ಲಿ ಗರಿಗಳು ಚದುರದಂತೆ ತೂತು ಕೊರೆದು ದಾರ ಪೋಣಿಸಿದರು. ಅಚ್ಚಿನ ಪುಸ್ತಕಕ್ಕೆ ಪುಟಸಂಖ್ಯೆ, ವಿಷಯಸೂಚಿ ಬಂದವು. ಓದುವ ವಸ್ತು ಬದಲಾದಾಗಲೆಲ್ಲ ಓದುವವರು ದಾರಿ ತಪ್ಪದಂತೆ ಯಾರೋ ಯೋಚಿಸಿದ್ದಾರೆ.

ಪರದೆಯ ಓದಿಗೂ ಇತಿಹಾಸವಿದೆ. ಒಂದು ಬರಹದಿಂದ ಇನ್ನೊಂದಕ್ಕೆ ಜಾಡು ಹಾಕಿಡುವ ಯಂತ್ರವನ್ನು ಅಮೆರಿಕದ ವನ್ನೆವರ್ ಬುಷ್ 1945ರಲ್ಲಿ ಕಲ್ಪಿಸಿದರು. 1965ರಲ್ಲಿ ಟೆಡ್ ನೆಲ್ಸನ್ ಇಂಥ ಹೆಣೆದ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂದು ಹೆಸರಿಟ್ಟರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಯೋಜನೆಯಿಂದ ವೆಬ್ ಹುಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯವೂ ಶುರುವಾಯಿತು. ನೀಲಿ ಪದ ಒತ್ತಿದರೆ ಮತ್ತೊಂದು ಪುಟ. ಅಶೋಕನಿಂದ ಕಳಿಂಗ, ಕಳಿಂಗದಿಂದ ಒಡಿಶಾ, ಅಲ್ಲಿಂದ ಪುರಿ ಜಗನ್ನಾಥ! ಒಲೆಯ ಮೇಲೆ ಹಾಲು ಉಕ್ಕಿದಾಗಲೇ ನನಗೆ ಎಚ್ಚರ. ಹೊರಟದ್ದು ಏನನ್ನು ಓದಲು? ನೆನಪಿಲ್ಲ. ನಿಮಗೂ ಹೀಗಾಗಿರಬೇಕು.

ಜನ ಪರದೆಯಲ್ಲಿ ಪದ ಪದ ಓದುವುದಿಲ್ಲ, ಕಣ್ಣಾಡಿಸುತ್ತಾರೆ ಎಂದು ಯಾಕೋಬ್ ನೀಲ್ಸನ್ 1997ರಲ್ಲೇ ಬರೆದರು. ತಲೆಬರಹ ಸ್ಪಷ್ಟವಿರಲಿ, ಒಂದು ಪ್ಯಾರಾಕ್ಕೆ ಒಂದೇ ವಿಚಾರವಿರಲಿ ಎಂಬುದು ಅವರ ಸಲಹೆ.

ಮರುದಿನ ಫೋಟೋ ಬಿಟ್ಟು ಪಾಠವನ್ನು ಟೈಪ್ ಮಾಡಿದೆ. ಫೋಟೋ ದೊಡ್ಡದಾದರೆ ಸಾಲು ಪರದೆಯಾಚೆ ಹೋಗುತ್ತದೆ. ಟೈಪ್ ಮಾಡಿದ ಸಾಲಾದರೆ ಮೊಬೈಲಿನ ಅಗಲಕ್ಕೆ ತಾನೇ ಮುರಿದು ಕೂರುತ್ತದೆ. ಸಣ್ಣ ಸಣ್ಣ ಪ್ಯಾರಾ ಮಾಡಿ, ಒಂದೊಂದಕ್ಕೂ ಅಂಕಿ, ತಲೆಬರಹ ಕೊಟ್ಟೆ. “ಈಗ ಓದಾಕ ಬರ್ತೈತ್ರಿ ಟೀಚರ್” ಎಂದಳು ಹುಡುಗಿ.

ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಧರ್ಮದ ಹಾದಿಯಲ್ಲಿ ನಡೆದು ಫಲ ಪಡೆಯಬಲ್ಲರು ಎನ್ನುತ್ತದೆ ಮಸ್ಕಿಯ ಶಾಸನ. ಅದನ್ನು ವರ್ಷ ವರ್ಷ ಕಲಿಸಿದ ನಾನು, ಚಿಕ್ಕ ಮೊಬೈಲಿನ ಮಗುವಿನ ಕಷ್ಟವನ್ನು ಅವಳು ಹೇಳುವ ತನಕ ನೋಡಿರಲಿಲ್ಲ.