ಕೊಚ್ಚಿಯ ಗ್ರಂಥದಲ್ಲಿ ಸಂಪಿಗೆ

ಕೊಚ್ಚಿಯಲ್ಲಿ ನೆಲೆಸಿರುವ ನಾವು ಸಂಪಿಗೆ ಎನ್ನುವುದನ್ನು ನೆರೆಯವರು ಚೆಂಬಕ ಎನ್ನುತ್ತಾರೆ. ಎರಡೂ ಸಂಸ್ಕೃತದ ಚಂಪಕದಿಂದ ಬಂದ ರೂಪಗಳು. ಈ ಹೆಸರು ಲ್ಯಾಟಿನ್ನಿಗೆ ದಾಟಿದ್ದರ ಹಿಂದೆ ಇದೇ ಊರಿನ ಕಥೆಯಿದೆ.

ಮಲಬಾರಿನ ಡಚ್ ಅಧಿಕಾರಿಯಾಗಿ ಕೊಚ್ಚಿಯಲ್ಲಿದ್ದ ಹೆಂಡ್ರಿಕ್ ವಾನ್ ರೀಡ್ ಇಲ್ಲಿನ ಗಿಡಮರಗಳ ವಿವರಗಳನ್ನು ಸಂಗ್ರಹಿಸಿದನು. ಅವು ‘ಹೋರ್ಟಸ್ ಮಲಬಾರಿಕಸ್’ ಎಂಬ ಹೆಸರಿನಲ್ಲಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದವು. ಮೊದಲ ಸಂಪುಟದಲ್ಲಿಯೇ ‘ಚಂಪಕಂ’ ಚಿತ್ರಸಹಿತ ಕಾಣಿಸುತ್ತದೆ. ಗಿಡಗಳ ಗುಣಗಳನ್ನು ತಿಳಿಸಿಕೊಟ್ಟವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುದನ್ ಪ್ರಮುಖರು. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರಿದ್ದರು. 1675ರಲ್ಲಿ ಇವರು ಬರೆದುಕೊಟ್ಟ ಪ್ರಮಾಣಪತ್ರಗಳು ಗ್ರಂಥದಲ್ಲಿವೆ. ಕೊಂಕಣಿಗರದು ನಾಗರಿ ಲಿಪಿಯಲ್ಲಿದೆ. ಗೋವೆಯನ್ನು ತೊರೆದ ಕೊಂಕಣಿಗರು ನಮ್ಮ ಕರಾವಳಿಯಲ್ಲಿಯೂ ನೆಲೆಸಿದ್ದರಿಂದ ಆ ಹೆಸರುಗಳು ನಮಗೆ ಅಪರಿಚಿತವೆನಿಸುವುದಿಲ್ಲ.

1753ರಲ್ಲಿ ಲಿನೇಯಸ್ ರೀಡನ ಗ್ರಂಥವನ್ನು ಉಲ್ಲೇಖಿಸಿ ಮರವನ್ನು ‘ಮೈಕೇಲಿಯ ಚಂಪಕ’ ಎಂದು ಕರೆದನು. ಮೊದಲ ಪದ ಫ್ಲಾರೆನ್ಸಿನ ಮಿಕೇಲಿಯ ಸ್ಮರಣೆ. ಮುಂದೆ ಮರ ‘ಮ್ಯಾಗ್ನೋಲಿಯ’ ಕುಲಕ್ಕೆ ಸೇರಿತು. ಅದು ಫ್ರಾನ್ಸಿನ ಮಾನ್ಯೋಲನ ಹೆಸರು. ಕುಲನಾಮ ಬದಲಾದರೂ ‘ಚಂಪಕ’ ಉಳಿಯಿತು. ಆದರೆ ಮಾಹಿತಿ ಕೊಟ್ಟ ಊರಿನವರಿಗೆ ಲ್ಯಾಟಿನ್ ಗ್ರಂಥ ಮೂರು ಶತಮಾನ ದೂರವೇ ಉಳಿಯಿತು. ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲರು ದಶಕಗಳ ದುಡಿಮೆಯಿಂದ ಅದನ್ನು ಅನುವಾದಿಸಿದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯವು ಇಂಗ್ಲಿಷ್ ಆವೃತ್ತಿಯನ್ನು 2003ರಲ್ಲಿ, ಮಲಯಾಳವನ್ನು 2008ರಲ್ಲಿ ಪ್ರಕಟಿಸಿತು. ಇಟ್ಟಿ ಅಚ್ಯುದನರ ನಾಡಿನವರು ಅವರ ತಿಳಿವಳಿಕೆಯನ್ನು ಸ್ವಂತ ನುಡಿಯಲ್ಲಿ ಓದಲು ಇಷ್ಟು ಕಾಯಬೇಕಾಯಿತೆಂಬುದು ನಮ್ಮನ್ನು ಇಂದಿಗೂ ಕಾಡುತ್ತದೆ.

ಮರವನ್ನು ಬೆಳೆಸುವವರು ಮಾತ್ರ ಆ ಗ್ರಂಥಕ್ಕಾಗಿ ಕಾದು ಕುಳಿತಿರಲಿಲ್ಲ. ಕಾಯಿ ಬಿರಿದಾಗ ಕೆಂಪು ತಿರುಳು ಮೆತ್ತಿದ ಬೀಜಗಳು ಹೊರಗೆ ಕಾಣುತ್ತವೆ. ಹಕ್ಕಿಗಳಿಗಿಂತ ಮೊದಲು ನಾವು ಆರಿಸಬೇಕು. ಮರಳಿನಲ್ಲಿ ಉಜ್ಜಿ ತಿರುಳನ್ನು ತೆಗೆದು, ತೊಳೆದು, ಕೂಡಲೇ ಬಿತ್ತಬೇಕು. ಒಣಗಿಸಿ ಇಟ್ಟರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಎಳೆಯ ಸಸಿಗೆ ಅರೆನೆರಳು ಹಿತ. ಕೊಚ್ಚಿಯ ತಗ್ಗು ನೆಲದಲ್ಲಿ ಮಳೆನೀರು ನಿಂತು ಬೇರು ಕೊಳೆಯುವುದರಿಂದ ಮಣ್ಣನ್ನು ದಿಬ್ಬ ಮಾಡಿ ನೆಡುವುದು ಲೇಸು. ಬೀಜದ ಗಿಡ ಹೂಬಿಡಲು ಹಲವು ವರ್ಷ ಬೇಕು; ಕಸಿ ಗಿಡ ಬೇಗ ಅರಳುತ್ತದೆ. ಬಾಡಿಗೆ ಮನೆಗಳಲ್ಲಿರುವ ನಾವು ಸಾಮಾನ್ಯವಾಗಿ ಕಸಿಯನ್ನೇ ತರುತ್ತೇವೆ. ಆಸೆಯಿಂದ ಬೀಜ ಊರಿದವರ ಹೂವನ್ನು ಮುಂದಿನ ಬಾಡಿಗೆದಾರರು ಮುಡಿದಾರು.