1947ರಲ್ಲೇ ಬಾಬಾಸಾಹೇಬರು ಬರೆದಿದ್ದ ಖಾಸಗಿತನ

ಪ್ರೈವೆಸಿ ಅಂದ್ರೆ ದೊಡ್ಡ ಫೋನ್ ಇರೋರ ಚಿಂತೆ, ನಮ್ಮ ಕೇರಿಗೇನು ಅಂತ ಕೆಲವು ಗೆಳೆಯರು ಕೇಳ್ತಾರೆ. ಸ್ವಲ್ಪ ಇತಿಹಾಸ ನೋಡಿ.

1947ರಲ್ಲಿ ಬಾಬಾಸಾಹೇಬರು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಒಂದು ಹಕ್ಕಿದೆ: ಸಕಾರಣವಿಲ್ಲದೆ ಯಾರ ಮೈಯನ್ನಾಗಲಿ, ಮನೆಯನ್ನಾಗಲಿ, ಕಾಗದಪತ್ರವನ್ನಾಗಲಿ ಶೋಧಿಸಬಾರದು, ಜಪ್ತಿ ಮಾಡಬಾರದು. ಆಗಿನ್ನೂ 1871ರಿಂದ ಬಂದ ಕ್ರಿಮಿನಲ್ ಟ್ರೈಬ್ಸ್ ಕಾನೂನು ಪೂರ್ತಿ ಹೋಗಿರಲಿಲ್ಲ. ಹುಟ್ಟಿನಿಂದಲೇ ಕಳ್ಳರು ಅನ್ನಿಸಿಕೊಂಡ ಸಮುದಾಯಗಳು ಪೊಲೀಸರಿಗೆ ಹಾಜರಿ ಹಾಕಬೇಕಿತ್ತು, ಬೆರಳಚ್ಚು ಕೊಡಬೇಕಿತ್ತು. (ಡೇಟಾ ಸಂಗ್ರಹ ಕಂಪನಿಗಳು ಕಂಡುಹಿಡಿದದ್ದಲ್ಲ ಬಿಡಿ.)

ಆ ಹಕ್ಕು ಸಂವಿಧಾನದೊಳಗೆ ಬರಲಿಲ್ಲ. 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹಿಡಿದು, ಇಲ್ಲದ್ದನ್ನು ನಾವು ತರಲಾಗದು ಅಂದಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. 70 ವರ್ಷ ಬೇಕಾಯ್ತು!

ಈಗಿನ ತಮಾಷೆ ಕೇಳಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 44ನೇ ಸೆಕ್ಷನ್ ಮಾಹಿತಿ ಹಕ್ಕಿನ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯಾದರೆ ಕೊಡಬೇಕಿಲ್ಲ ಅಂತ ಮಾಡಿದೆ. ಅಲ್ಲಿದ್ದ ಸಾರ್ವಜನಿಕ ಹಿತದ ಮಾತು ಹೋಯ್ತು. 8(2) ಉಳಿದಿದೆಯಲ್ಲ ಅಂತಾರೆ. ಉಳಿದಿದೆ, ನಿಜ. ಆದ್ರೆ ಗುಮಾಸ್ತನಾಗಿ ಹೇಳ್ತೀನಿ, ಅರ್ಜಿ ವಾಪಸ್ ಕಳಿಸೋಕೆ ಕಚೇರಿಗೆ ಒಂದು ಸಾಲು ಸಾಕು. ಗಂಗಾ ಕಲ್ಯಾಣದ ಬೋರ್‌ವೆಲ್ ಯಾರ ಹೊಲದಲ್ಲಿ ಕೊರೆದಿರಿ ಅಂತ ಕೇಳಿ. ಫಲಾನುಭವಿ ಹೆಸರು ವೈಯಕ್ತಿಕ ಅಂದುಬಿಡಬಹುದು.